ಕುರ್ಡಿಯ ಗುಲ್ಶನ್ ಬೇಗಂ ಅಕ್ಕೋರು ನಮ್ಮ ಕಬಡ್ಡಿ ತಂಡವನ್ನು ಕೆಡಿಸಿದ ಬಗ್ಗೆ

ದೇವದುರ್ಗ,
ಅಕ್ಟೋಬರ್ 1983

ಮಾನವಿ ತಾಲೂಕಿನ ಕುರ್ಡಿಯಲ್ಲಿ ಮಕ್ಕಳಿಗೆ ಹಿಂದಿ ಕಲಿಸುವವರೂ, ಕಬಡ್ಡಿಯ ಒಂದು ಗೆರೆಯನ್ನೂ ಅರಿಯದೆ ಕಬಡ್ಡಿ ತಂಡವನ್ನು ನಡೆಸುವವರೂ ಆದ ಶ್ರೀಮತಿ ಗುಲ್ಶನ್ ಬೇಗಂ ಅವರ ಸನ್ನಿಧಾನಕ್ಕೆ,

ಪರಮ ಮಾನ್ಯರೇ,

ದೇವದುರ್ಗದ ಹೈಸ್ಕೂಲೊಂದರ ಡ್ರಿಲ್ ಮಾಸ್ತರನಾದ ಹನುಮಂತ್ರಾಯನು ಮಾಡುವ ನಮಸ್ಕಾರಗಳನ್ನು ತಾವು ಮೊದಲು ಸ್ವೀಕರಿಸಬೇಕು, ಏಕೆಂದರೆ ಮುಂದಿನದನ್ನು ಓದಿದ ಮೇಲೆ ಸ್ವೀಕರಿಸುವಿರೋ ಇಲ್ಲವೋ ಹೇಳಲಾಗದು. ತಾವು ಕ್ಷೇಮವೆಂದೂ, ತಮ್ಮ ಮೊಣಕಾಲು ನೋವು ಇಳಿದಿದೆಯೆಂದೂ, ತಮ್ಮ ತಂಡದ ಹುಡುಗರು ಎಂದಿನಂತೆ ಸೋತರೂ ಗೆದ್ದರೂ ನಗುತ್ತಲೇ ಇದ್ದಾರೆಂದೂ ನಂಬಿದ್ದೇನೆ. ನನ್ನ ದೂರು ಇರುವುದು ಈ ಕೊನೆಯ ಸಂಗತಿಯ ಬಗ್ಗೆ. ಇದನ್ನು ಲಕೋಟೆಯಲ್ಲಿಟ್ಟು ಗುಟ್ಟಾಗಿ ಕಳಿಸದೆ ಜಿಲ್ಲೆಗೆಲ್ಲ ಕೇಳುವಂತೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮೆಲ್ಲಗೆ ಮಾತನಾಡುವ ಅಭ್ಯಾಸ ನನಗೆ ಹುಟ್ಟಿದಾಗಿನಿಂದ ಇಲ್ಲ.

ತಾವು ನಮ್ಮ ಬದುಕಿನಲ್ಲಿ ಕಾಲಿಡುವ ಮುಂಚೆ ನಮ್ಮ ತಂಡ ಎಷ್ಟು ಸುಖವಾಗಿತ್ತೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಸೀಟಿ ಊದಿದರೆ ನಮ್ಮ ಹುಡುಗರು ಓಡುತ್ತಿದ್ದರು, ಮತ್ತೆ ಊದಿದರೆ ನಿಲ್ಲುತ್ತಿದ್ದರು, ನಾನು ಊದಲು ಮರೆತ ದಿನ ನಿಂತವರು ನಿಂತಲ್ಲೇ ಇದ್ದು ಒಣಗುತ್ತಿದ್ದರು. ಅವರ ಹೆಸರುಗಳನ್ನು ನೆನಪಿಡುವ ಕಷ್ಟವೂ ನನಗಿರಲಿಲ್ಲ. ದಪ್ಪಗಿದ್ದ ದುರುಗಪ್ಪನನ್ನು ಕೋಣ ಎಂದೂ, ತಂಡದ ನಾಯಕ ಯಮನೂರಪ್ಪನನ್ನು ಕತ್ತೆ ಎಂದೂ, ಉಳಿದವರನ್ನು ಆಯಾ ದಿನ ಬಾಯಿಗೆ ಬಂದ ಪ್ರಾಣಿಯೆಂದೂ ಕರೆಯುತ್ತಿದ್ದೆ. ಹುಡುಗರಲ್ಲಿ ಹುಮ್ಮಸ್ಸು ತುಂಬಲು ಬೈಗುಳಕ್ಕಿಂತ ಒಳ್ಳೆಯ ಔಷಧವಿಲ್ಲವೆಂದು ನನ್ನ ಗುರುಗಳು ನನಗೆ ಬೈದು ಬೈದು ಕಲಿಸಿದ್ದರು. ಫಲವೂ ಇತ್ತು. ಪ್ರತಿ ವರ್ಷ ರಾಯಚೂರಿನ ಜಿಲ್ಲಾ ಕ್ರೀಡಾಕೂಟದ ಮೊದಲನೆಯ ಪಂದ್ಯದಲ್ಲೇ ನಾವು ಸೋಲುತ್ತಿದ್ದೆವು, ನಿಜ. ಆದರೆ ಅಷ್ಟು ಶಿಸ್ತಾಗಿ, ಅಷ್ಟು ನೇರ ಸಾಲಿನಲ್ಲಿ ಮೈದಾನದಿಂದ ಹೊರನಡೆಯುವ ತಂಡ ಇನ್ನೊಂದಿಲ್ಲವೆಂದು ನೋಡಿದವರೆಲ್ಲ ಹೊಗಳುತ್ತಿದ್ದರು.

ಇಂಥ ತಂಡವನ್ನು ಕಟ್ಟಿಕೊಂಡು ಈ ಸಲದ ಶ್ರಾವಣದಲ್ಲಿ ನಾನು ತಮ್ಮ ತಂಡದೊಡನೆ ಆಡಲು ಎರಡೂ ಊರುಗಳ ನಡುವಿನ ಗಬ್ಬೂರಿಗೆ ಬಂದೆ. ತಮ್ಮ ಊರಿನ ಡ್ರಿಲ್ ಮಾಸ್ತರರಿಗೆ ವರ್ಗವಾಗಿ, ಬೇರೆ ಯಾರೂ ಒಪ್ಪದ್ದರಿಂದ ತಂಡ ತಮ್ಮ ಕೊರಳಿಗೆ ಬಿದ್ದಿದೆಯೆಂದೂ, ತಾವು ಹಿಂದಿಯ ಹೊರತು ಬೇರೇನೂ ಆಡಿದವರಲ್ಲವೆಂದೂ ಬಸ್ಸಿನಲ್ಲೇ ಕೇಳಿ ತಿಳಿದಿದ್ದೆ. ಸ್ನೇಹದ ಪಂದ್ಯವೆಂದು ಹೇಳಿದ್ದರೂ ನಾವು ತಮ್ಮ ಹುಡುಗರನ್ನು ಮಣ್ಣು ಮುಕ್ಕಿಸಿದೆವು. ಆಮೇಲೆ ನಡೆದದ್ದನ್ನು ನಾನು ಎಂದೂ ಮರೆಯಲಾರೆ. ಸೋತ ತಮ್ಮ ಹುಡುಗರು ತಲೆ ತಗ್ಗಿಸಿ ನಿಲ್ಲುವ ಬದಲು ತಮ್ಮ ಸುತ್ತ ಕುಳಿತು, ನಾನು ಇಲ್ಲಿ ತಪ್ಪಿದೆ, ನೀನು ಅಲ್ಲಿ ತಡಮಾಡಿದೆ ಎಂದು ಸಂತೆಯಿಂದ ಬಂದವರ ಹಾಗೆ ಹರಟತೊಡಗಿದರು. ತಾವು ಎಲ್ಲರ ಕೈಗೂ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಿರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ತಾವು ಕನ್ನಡಕ ಸರಿಮಾಡಿಕೊಂಡು ನೇರವಾಗಿ ನಮ್ಮ ಕೋಣನ ಬಳಿಗೆ ಬಂದಿರಿ.

"ಬೇಟಾ, ನಿನ್ನ ಹೆಸರೇನಪ್ಪಾ? ಆ ಹುಡುಗನ ಕಾಲು ಹೆಂಗ ಹಿಡಿದಿ? ನನಗ ತಿಳೀಲಿಲ್ಲ, ಸ್ವಲ್ಪ ತಿಳಿಸಿ ಹೇಳು" ಎಂದಿರಿ.

ಮಾನ್ಯರೇ, ದುರುಗಪ್ಪ ನನ್ನ ಕೈಕೆಳಗೆ ಮೂರು ವರ್ಷ ಆಡಿದ ಹುಡುಗ. ಆ ಮೂರು ವರ್ಷಗಳಲ್ಲಿ ಅವನ ಬಾಯಿಂದ ನಾನು ಕೇಳಿದ್ದು 'ಹೂಂ ಸರ್' ಎಂಬುದೊಂದೇ. ಆ ಹುಡುಗ ಮೊದಲು ನನ್ನತ್ತ ನೋಡಿದ, ಆಮೇಲೆ ನೆಲ ನೋಡಿದ, ಆಮೇಲೆ ಬಾಯಿ ತೆರೆದ.

"ಕುರಿ ಹಿಡೀತೀವಲ್ರಿ ಅಕ್ಕೋರ, ಹಂಗರಿ. ಕುರಿ ಮುಖ ನೋಡಬಾರದ್ರಿ. ಮುಖ ನೋಡಿದ್ರ ಅದು ಈ ಕಡಿ ತೋರಿಸಿ ಆ ಕಡಿ ಓಡತದ. ಹಿಂದಿನ ಕಾಲು ಅಷ್ಟ ನೋಡಬೇಕ್ರಿ."

ಹೇಳಿದ್ದಲ್ಲದೆ, ತಮ್ಮ ಹುಡುಗನೊಬ್ಬನನ್ನು ಕುರಿಯಾಗಿ ಮಾಡಿಕೊಂಡು ತೋರಿಸಿಯೂ ಬಿಟ್ಟ. ತಾವು 'ಶಾಬಾಶ್' ಎಂದು ಅವನ ಬೆನ್ನು ತಟ್ಟಿದಿರಿ. ನಮ್ಮ ತಂಡದ ಏಕೈಕ ಗುಟ್ಟು ಗಬ್ಬೂರಿನ ಬಯಲಿನಲ್ಲಿ ರೊಟ್ಟಿಯ ಜೊತೆಗೆ ಹೀಗೆ ಹಂಚಿಹೋಯಿತು. ಹಿಂದಿರುಗುವ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕುಳಿತು ದೇವದುರ್ಗದವರೆಗೂ ತನ್ನಷ್ಟಕ್ಕೆ ತಾನೇ ನಗುತ್ತಿದ್ದ. ಏನಾಯಿತೆಂದು ಗದರಿದರೆ 'ಏನಿಲ್ರಿ ಸರ್' ಎಂದು ಇನ್ನಷ್ಟು ನಕ್ಕ. ರೋಗ ಹತ್ತಿದ್ದು ನನಗೆ ಆಗಲೇ ತಿಳಿಯಬೇಕಿತ್ತು.

ಮರುದಿನ ಬೆಳಿಗ್ಗೆ ಮೈದಾನ ಸುತ್ತಿರೆಂದು ಸೀಟಿ ಊದಿದೆ. ಯಮನೂರಪ್ಪ ಓಡಲಿಲ್ಲ. ಬಹಳ ವಿನಯದಿಂದ ಕೈಕಟ್ಟಿ ನಿಂತು, "ಸರ್, ಕಬಡ್ಡ್ಯಾಗ ಇಷ್ಟು ದೂರ ಓಡೋದ ಇಲ್ಲಲ್ರಿ. ಮತ್ತ ಮೈದಾನ ಯಾಕ ಸುತ್ತಬೇಕ್ರಿ?" ಎಂದು ಕೇಳಿದ. ಯಾಕೆ ಎಂಬ ಶಬ್ದ ನಮ್ಮ ಮೈದಾನದಲ್ಲಿ ಅಲ್ಲಿಯವರೆಗೆ ಯಾರೂ ಕೇಳಿದ್ದಲ್ಲ. ಆ ಪ್ರಶ್ನೆಯನ್ನು ನನ್ನ ಗುರುಗಳಿಗೆ ನಾನೂ ಎಂದೂ ಕೇಳಿರಲಿಲ್ಲ. ಆದ್ದರಿಂದ ಜೋರಾಗಿ ಬೈದೆ. ಹುಡುಗರೆಲ್ಲ ಓಡಿದರು. ಆದರೆ ಓಡುತ್ತಲೇ ವಿಚಾರ ಮಾಡುತ್ತಿದ್ದರು, ಅದು ಅವರ ಮುಖದಲ್ಲಿ ಕಾಣುತ್ತಿತ್ತು. ವಿಚಾರ ಮಾಡುವವನಿಗೆ ಬೈಯುವುದೆಂದರೆ ಕಲ್ಲಿನ ಮೇಲೆ ಬಟ್ಟೆ ಒಗೆದ ಹಾಗೆ, ನೋವು ನಮ್ಮ ಕೈಗೇ.

ಕೆಲವೇ ದಿನಗಳಲ್ಲಿ ಬೆಳಗಿನ ಅಭ್ಯಾಸಕ್ಕೆ ಬರುವವರು ಕಡಿಮೆಯಾದರು. ಒಬ್ಬನಿಗೆ ಜ್ವರ, ಒಬ್ಬನಿಗೆ ಹೊಲದ ಕೆಲಸ, ಇನ್ನೊಬ್ಬನ ಅಜ್ಜಿ ತೀರಿದ್ದು ಅದೇ ತಿಂಗಳಲ್ಲಿ ಎರಡನೆಯ ಸಲ. ಹುಡುಗರು ಕಬಡ್ಡಿಯನ್ನೇ ಬಿಟ್ಟರೆಂದು ನಾನು ತಿಳಿದೆ. ಒಂದು ಸಂಜೆ ಊರ ಹೊರಗಿನ ಹಳ್ಳದ ಕಡೆಗೆ ಹೋದಾಗ ಗದ್ದಲ ಕೇಳಿ ಜಾಲಿಗಿಡದ ಮರೆಯಲ್ಲಿ ನಿಂತು ನೋಡಿದೆ. ನಮ್ಮ ತಂಡವೆಲ್ಲ ಅಲ್ಲಿ ಉಸುಕಿನ ಮೇಲೆ ಗೆರೆ ಎಳೆದುಕೊಂಡು ಆಡುತ್ತಿತ್ತು. ಜ್ವರದವನು ಎಲ್ಲರಿಗಿಂತ ಮೇಲೆ ಹಾರುತ್ತಿದ್ದ. ಯಾರಾದರೂ ಒಳ್ಳೆಯ ಪಟ್ಟು ಹಾಕಿದರೆ ಆಟ ನಿಲ್ಲಿಸಿ, ದುರುಗಪ್ಪ ತಾವು ಮಾಡುವ ಹಾಗೆಯೇ, ಇಲ್ಲದ ಕನ್ನಡಕ ಸರಿಮಾಡಿಕೊಂಡು, "ಬೇಟಾ, ನನಗ ತಿಳೀಲಿಲ್ಲ, ತಿಳಿಸಿ ಹೇಳು" ಎನ್ನುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು, ಆದರೆ ಕೇಳಿದ್ದಕ್ಕೆ ಉತ್ತರವನ್ನೂ ಹೇಳುತ್ತಿದ್ದರು.

ನಾನು ಮರೆಯಿಂದ ಹೊರಗೆ ಬಂದೆ. ನಗು ನಿಂತಿತು. ದೀಪ ಆರಿಸಿದ ಹಾಗೆ, ಎಲ್ಲರ ಮುಖದಲ್ಲೂ ಒಟ್ಟಿಗೇ ನಿಂತಿತು. ಹುಡುಗರು ಆ ಉಸುಕಿನಲ್ಲೇ ನೇರ ಸಾಲಾಗಿ ನಿಂತುಬಿಟ್ಟರು. ನಾನು ಬೈಯಬೇಕೆಂದು ಬಂದವನು ಕಾಲಿಗೆ ಚುಚ್ಚಿದ ಜಾಲಿಮುಳ್ಳು ಕೀಳುತ್ತಾ ಮನೆಗೆ ಹೋದೆ. ನಡೆದದ್ದನ್ನು ನನ್ನ ಹೆಂಡತಿ ಜಂಬಮ್ಮನಿಗೆ ಹೇಳಿ, ಇಷ್ಟು ವರ್ಷ ದುಡಿದವನಿಗೆ ಇದೇನು ಮರ್ಯಾದೆ ಎಂದು ಕೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ನೀವು ಮನಿಗೆ ಬಂದಾಗೂ ಹಂಗ ಆಗತದಲ್ರಿ" ಎಂದಳು. ಅಂದು ನನಗೆ ರೊಟ್ಟಿ ಸೇರಲಿಲ್ಲ. ಇದಕ್ಕೂ ತಾವೇ ಹೊಣೆಯೆಂದು ಬೇರೆ ಹೇಳಬೇಕಾಗಿಲ್ಲ.

ಇದೇ ಹೊತ್ತಿಗೆ ನಮ್ಮ ಹೆಡ್ ಮಾಸ್ತರರಾದ ವಿರೂಪಣ್ಣನವರು ನನ್ನನ್ನು ಕರೆಸಿದರು. ಈ ವರ್ಷ ಜೂನ್ ತಿಂಗಳಲ್ಲಿ ನಮ್ಮ ದೇಶದವರು ಕ್ರಿಕೆಟ್ಟಿನಲ್ಲಿ ವಿಶ್ವಕಪ್ ಗೆದ್ದಾಗಿನಿಂದ ಅವರ ಕಿವಿಗೆ ರೇಡಿಯೋ ಅಂಟಿಕೊಂಡಿದೆಯೆಂಬುದು ತಾಲೂಕಿಗೆಲ್ಲ ಗೊತ್ತಿರುವ ಮಾತು. "ಹನುಮಂತ್ರಾಯರ, ಹುಡುಗರು ಅಭ್ಯಾಸಕ್ಕ ಬರವಲ್ರಂತ. ಈ ಸಲಾನೂ ಮೊದಲನೇ ಆಟದಾಗ ಸೋತ್ರ ಕಬಡ್ಡಿ ಸಾಕು. ಆ ಜಾಗಾದಾಗ ಕ್ರಿಕೆಟ್ ಪಿಚ್ ಮಾಡ್ಸೋಣು" ಎಂದರು. ಆ ಕಬಡ್ಡಿ ಅಂಕಣವನ್ನು ಕಲ್ಲು ಆರಿಸಿ, ಕೆರೆಯ ಮಣ್ಣು ತಂದು ಹಾಕಿ, ನೀರು ಹೊಡೆದು ನಾನೇ ಮಾಡಿದ್ದು. ಅಲ್ಲಿ ಮೂರು ಕಡ್ಡಿ ನೆಡುವುದನ್ನು ನೋಡುವುದಕ್ಕಿಂತ ವರ್ಗ ಕೇಳಿ ಹೋಗುವುದೇ ಲೇಸೆಂದು ಅನಿಸಿತು.

ಹೀಗಾಗಿ ಮಾನ್ಯರೇ, ಬೇರೆ ದಾರಿಯಿಲ್ಲದೆ, ತಮ್ಮ ವಿದ್ಯೆಯನ್ನೇ ತಾವು ಹಚ್ಚಿದ ರೋಗಕ್ಕೆ ಮದ್ದಾಗಿ ಬಳಸಲು ನಿಶ್ಚಯಿಸಿದೆ. ಮನೆಯಲ್ಲಿ ಕನ್ನಡಿಯ ಮುಂದೆ ಹೊಗಳುವುದನ್ನು ಅಭ್ಯಾಸ ಮಾಡಿದೆ. ಮರುದಿನ ಹುಡುಗರಿಗೆಲ್ಲ ಬರಬೇಕೆಂದು ಹೇಳಿಕಳಿಸಿ, ದುರುಗಪ್ಪ ಒಂದು ಪಟ್ಟು ಹಾಕಿದ ಕೂಡಲೇ ಹತ್ತಿರ ಹೋಗಿ, ಅವನ ಹೆಗಲ ಮೇಲೆ ಕೈಯಿಟ್ಟು, "ದುರುಗಪ್ಪಾ, ಛಲೋ ಆಡಿದಿ" ಎಂದೆ. ಅವನ ಮುಖ ಸುಣ್ಣದ ಹಾಗೆ ಬಿಳಿಚಿತು. ಉಳಿದ ಹುಡುಗರು ಎರಡು ಹೆಜ್ಜೆ ಹಿಂದೆ ಸರಿದರು. ಅಂದು ಅವನು ಮತ್ತೆ ಆಡಲಿಲ್ಲ, ನೀರು ಕುಡಿಯಲು ಹೋದವನು ಹಾಗೆಯೇ ಮನೆಗೆ ಹೋದ.

ಸಂಜೆ ಅವನ ತಾಯಿ ಆದೆಮ್ಮ ಕುರಿಗಳನ್ನು ದೊಡ್ಡಿಗೆ ಕೂಡಿ ನೇರವಾಗಿ ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು.

"ಸರ್, ನಮ್ ಹುಡುಗಗ ಏನರ ಆಗೇದೇನ್ರಿ? ಖರೇ ಹೇಳ್ರಿ."

ಏನೂ ಆಗಿಲ್ಲವಲ್ಲ ಎಂದೆ.

"ಮತ್ತ ಛಲೋ ಆಡಿದಿ ಅಂದ್ರಂತಲ್ರಿ. ಹೆಗಲ ಮ್ಯಾಲ ಕೈ ಇಟ್ರಂತ. ಡಾಕ್ಟರು ನಿಮ್ಮ ಮುಂದ ಏನರ ಹೇಳ್ಯಾರೇನು ಅಂತ ಅವ ಉಣ್ಣಲಾರದ ಕುಂತಾನ್ರಿ. ನೀವು ಕೋಣ ಅಂದ್ರ ನಮಗ ಬ್ಯಾಸರಿಲ್ರಿ, ಅದು ರೂಢಿ ಆಗೇದ."

ಅವಳಿಗೆ ಚಹಾ ಕುಡಿಸಿ, ಮಗನಿಗೆ ಯಾವ ರೋಗವೂ ಇಲ್ಲವೆಂದು ಜಂಬಮ್ಮನ ಕೈಲಿ ಆಣೆ ಮಾಡಿಸಿ ಕಳಿಸಬೇಕಾಯಿತು. ಮರುದಿನ ನಾನು ದುರುಗಪ್ಪನನ್ನು ಕೋಣ ಎಂದು ಕೂಗಿದಾಗ ಆ ಹುಡುಗನ ಮುಖಕ್ಕೆ ಜೀವಕಳೆ ಬಂತು. ತಾವೊಬ್ಬರು 'ಶಾಬಾಶ್' ಎಂದರೆ ಹುಡುಗ ಊರು ಮುಟ್ಟುವವರೆಗೆ ನಗುತ್ತಾನೆ, ನಾನು ಅದನ್ನೇ ಹೇಳಿದರೆ ಮನೆಯವರು ಡಾಕ್ಟರನ್ನು ಹುಡುಕುತ್ತಾರೆ. ಈ ಅನ್ಯಾಯವನ್ನು ಯಾವ ಕಚೇರಿಗೆ ಬರೆದುಕೊಳ್ಳಲಿ ಹೇಳಿ.

ಇನ್ನು ರಾಯಚೂರಿನ ಸಂಗತಿ. ಮೊದಲನೆಯ ಪಂದ್ಯವೇ ತಮ್ಮ ತಂಡದೊಡನೆ ಎಂದು ತಿಳಿದಾಗ ನನಗೆ ಸಂತೋಷವಾಗಲಿಲ್ಲ. ಗಬ್ಬೂರಿನಲ್ಲಿ ನಾವು ಸೋಲಿಸಿದ ಕುರ್ಡಿ ತಂಡ ಅದಾಗಿರಲಿಲ್ಲ. ಆಟ ಶುರುವಾಗುತ್ತಲೇ ತಮ್ಮವರು ಮುಂದಾದರು. ಎದುರಿಗೆ ಕೋಟೆಯ ಗುಡ್ಡ ಬಿಸಿಲಿಗೆ ಕಾದು ನಿಂತಿತ್ತು, ಹೆಡ್ ಮಾಸ್ತರರು ಕೊಡೆ ಹಿಡಿದು ನಿಂತಿದ್ದರು, ನಾನು ಗೆರೆಯ ಉದ್ದಕ್ಕೂ ಓಡಾಡುತ್ತಾ ಕೂಗುತ್ತಿದ್ದೆ. ನನ್ನ ಒಂದು ಕಾಲು ಅಂಕಣದೊಳಗೆ ಹೋದದ್ದು ನನಗೇ ಗೊತ್ತಾಗಲಿಲ್ಲ. ಅಂಪೈರ್ ಆಗಿದ್ದ ದೊಡ್ಡಪ್ಪ ಎಂಬವರು ಆಟ ನಿಲ್ಲಿಸಿ, "ಮಾಸ್ತರ, ನೀವು ಆಡಾಕ ಬಂದೀರೋ ಆಡ್ಸಾಕ ಬಂದೀರೋ? ಆ ಬೇವಿನ ಗಿಡದ ಬುಡಕ ಹೋಗಿ ಕುಂಡ್ರಿ. ಇನ್ನೊಮ್ಮಿ ದನಿ ಕೇಳಿಸಿದ್ರ ನಿಮ್ಮ ತಂಡಾನ ಹೊರಗ ಹಾಕತೀನಿ" ಎಂದರು. ಮೈದಾನಕ್ಕೆಲ್ಲ ನೆರಳೆಂದರೆ ಅದೊಂದೇ ಗಿಡ. ಅದರ ಕೆಳಗೆ ಶೇಂಗಾ ಸುಲಿಯುತ್ತಾ ತಾವು ಕುಳಿತಿದ್ದಿರಿ.

ನಾನು ಬೆನ್ನು ತಿರುಗಿಸಿ ಕುಳಿತೆ. ತಾವು ಒಂದು ಹಿಡಿ ಶೇಂಗಾ ಮುಂದೆ ಚಾಚಿ, "ಸರ್, ನಿಮ್ಮನ್ನ ಒಂದು ಮಾತು ಕೇಳಬೇಕ್ರಿ. ನನ್ನ ಹುಡುಗರ ಮುಂದ ಕೇಳಾಕ ನಾಚಿಕಿ. ಆ ಮೂಲ್ಯಾಗ ನಿಂತವ ಯಾಕ ಮುಂದಕ ಬರವಲ್ಲ?" ಎಂದು ಕೇಳಿದಿರಿ. ಮೂಲೆಯ ಆಟಗಾರನ ಬಗ್ಗೆ ಇಷ್ಟೊಂದು ಅಜ್ಞಾನವನ್ನು ಕೇಳಿಯೂ ಸುಮ್ಮನಿರುವುದು ನನ್ನಿಂದಾಗಲಿಲ್ಲ. ತಿರುಗಿ ಕುಳಿತು ಹೇಳತೊಡಗಿದೆ. ಬಾಯಿಮಾತು ಸಾಲದೆ ಶೇಂಗಾ ಬೀಜಗಳನ್ನು ನೆಲದ ಮೇಲೆ ಜೋಡಿಸಿ, ಇವರು ನಮ್ಮವರು, ಸಿಪ್ಪೆಯಲ್ಲಿ ಇರುವವರು ನಿಮ್ಮವರು ಎಂದು ತೋರಿಸಿದೆ. ತಾವು ಒಂದರ ಮೇಲೊಂದು ಕೇಳುತ್ತಾ ಹೋದಿರಿ. ನಾನು ಹೇಳುತ್ತಾ ಹೋದೆ. ನಡುವೆ ತಾವು ಮರೆತು ನಮ್ಮ ದುರುಗಪ್ಪನನ್ನು ತಿಂದುಬಿಟ್ಟಿರಿ, ನಾನು ಅವನ ಜಾಗಕ್ಕೆ ಇನ್ನೊಂದು ಬೀಜ ಇಟ್ಟೆ. ದಾಳಿ ಮಾಡುವವನು ಎದುರಾಳಿಯ ಭಯವನ್ನು ಹೇಗೆ ಓದಬೇಕು, ಉಸಿರನ್ನು ಹೇಗೆ ಹಂಚಿಕೊಳ್ಳಬೇಕು, ನನ್ನ ಚಿಕ್ಕಂದಿನಲ್ಲಿ ನಾನು ಹೇಗೆ ಆಡುತ್ತಿದ್ದೆ, ಎಲ್ಲವನ್ನೂ ಹೇಳಿದೆ. ಇದರಲ್ಲಿ ಒಂದನ್ನೂ ನಾನು ನಮ್ಮ ಹುಡುಗರಿಗೆ ಹೇಳಿದವನಲ್ಲ, ಬೈಯುವುದರಲ್ಲೇ ಹೊತ್ತು ಹೋಗುತ್ತಿತ್ತು.

"ಎಷ್ಟು ಛಂದ ತಿಳಿಸಿ ಹೇಳತೀರಿ ಸರ್. ನಿಮ್ಮ ಹುಡುಗರು ಪುಣ್ಯ ಮಾಡ್ಯಾರ" ಎಂದಿರಿ.

ತಾವು ನನ್ನನ್ನು ಏನು ಮಾಡಬೇಕೆಂದು ಹೀಗಂದಿರೋ ತಿಳಿಯದು. ಇಂಥ ಮಾತನ್ನು ನನ್ನ ಗುರುಗಳು ಹೇಳಿರಲಿಲ್ಲ, ತಂದೆ ಹೇಳಿರಲಿಲ್ಲ, ಜಂಬಮ್ಮನಂತೂ ಹೇಳುವವಳಲ್ಲ. ಬಾಯಾರಿಕೆ ಇರದಿದ್ದರೂ ಎದ್ದು ಹೋಗಿ ನೀರು ಕುಡಿದು ಬಂದೆ.

ಬಂದು ನೋಡಿದರೆ ಎರಡೂ ತಂಡಗಳು ಸಮಸಮವಾಗಿದ್ದವು. ನಾನು ಕೂಗದೆ ಇದ್ದ ಹೊತ್ತಿನಲ್ಲಿ ನಮ್ಮವರು ಒಬ್ಬರಿಗೊಬ್ಬರು ಮೆಲ್ಲಗೆ ಹೇಳಿಕೊಳ್ಳುತ್ತಾ ಅಷ್ಟೂ ಅಂಕಗಳನ್ನು ತಾವಾಗಿಯೇ ಗಳಿಸಿದ್ದರು. ಕೊನೆಯ ದಾಳಿ ನಮ್ಮದು. ಯಮನೂರಪ್ಪ ರೂಢಿಯಂತೆ ಗೆರೆಯ ಕಡೆಗೆ ನೋಡಿದ, ಅಲ್ಲಿ ನಾನಿರಲಿಲ್ಲ. ಗಿಡದ ಕಡೆಗೆ ನೋಡಿದ. ನಾನು ಕೂಗುವ ಹಾಗಿರಲಿಲ್ಲ. ಅದಕ್ಕೆ ಎರಡೂ ಕೈ ಮುಂದೆ ಚಾಚಿ, 'ನಿನಗ ಹೆಂಗ ತಿಳೀತದ ಹಂಗ ಮಾಡಪ್ಪ' ಎಂದು ಬರಿಯ ತುಟಿಯಲ್ಲಿ ಅಂದೆ. ಕತ್ತೆ ಎನ್ನುವ ಬಾಯಲ್ಲಿ ಅಪ್ಪ ಎಂಬ ಮಾತು ಹೇಗೆ ಬಂತೋ ನಾನರಿಯೆ.

ನಾನು ಕಲಿಸಿದ ಹಾಗೆ ಅವನು ನುಗ್ಗಲಿಲ್ಲ. ನಡು ಅಂಕಣದಲ್ಲಿ ನಿಂತು ಕಬಡ್ಡಿ ಕಬಡ್ಡಿ ಎನ್ನುತ್ತಾ ಕಾದ. ತಮ್ಮವರು ಹುರುಪೇರಿ ಹತ್ತಿರ ಹತ್ತಿರ ಬಂದರು. ಉಸಿರು ಮುಗಿಯಿತೆನ್ನುವ ಹಾಗೆ ಅವನು ಹಿಂದಕ್ಕೆ ತಿರುಗಿದ. ಹಿಡಿಯಲು ಹಾರಿದವನನ್ನು ಹಿಂಗಾಲಿನಿಂದ ಒಮ್ಮೆ ಮುಟ್ಟಿ, ನೆಲಕ್ಕೆ ಬಿದ್ದು, ತೆವಳುತ್ತಾ ಕೈ ಚಾಚಿ ಗೆರೆ ಮುಟ್ಟಿದ. ದೊಡ್ಡಪ್ಪನವರ ಸೀಟಿ ಕೇಳಿಸಿತು. ಒಂದೇ ಅಂಕದಿಂದ ನಾವು ಗೆದ್ದಿದ್ದೆವು. ಚಪ್ಪಾಳೆ ತಟ್ಟಿದವರಲ್ಲಿ ಮೊದಲಿಗರು ತಾವು, ಸೋತ ತಂಡದ ಗುರುಗಳು.

ಹುಡುಗರು ನನ್ನ ಕಡೆಗೆ ಓಡಿ ಬಂದು, ಮುಟ್ಟುವಷ್ಟು ಹತ್ತಿರ ಬಂದ ಮೇಲೆ ತಟ್ಟನೆ ನಿಂತರು. ದುರುಗಪ್ಪ ಉಸಿರು ಬಿಡುತ್ತಾ, "ಸರ್, ಬಯ್ಯಂಗಿಲ್ಲೇನ್ರಿ?" ಎಂದು ಕೇಳಿದ. "ನಾಳಿ ಬಯ್ತೀನಿ" ಎಂದೆ. ಹುಡುಗರು ನಕ್ಕರು. ನಾನು ಎದುರಿಗಿರುವಾಗಲೇ, ನನ್ನ ಮುಖ ನೋಡುತ್ತಲೇ ನಕ್ಕರು. ನಾನು ಕೋಟೆಯ ಕಡೆಗೆ ನೋಡುತ್ತಾ ನಿಂತೆ. ಆ ದಿನ ಧೂಳು ಬಹಳವಿತ್ತು, ಕಣ್ಣಿಗೆ ಬೀಳುತ್ತಿತ್ತು.

ಈಗ ನನ್ನ ನಷ್ಟವನ್ನು ಗಮನಿಸಬೇಕು. ಇಷ್ಟು ವರ್ಷ ಗಂಟಲು ಹರಿದುಕೊಂಡಾಗ ಸೋತ ತಂಡ, ನಾನು ಸುಮ್ಮನೆ ಕುಳಿತು ಶೇಂಗಾ ತಿಂದ ದಿನ ಗೆದ್ದಿತು. ಹೆಡ್ ಮಾಸ್ತರರು ಕೊಡೆ ಮಡಚಿ ನನ್ನ ಬಳಿಗೆ ಬಂದು, "ಹನುಮಂತ್ರಾಯರ, ಇನ್ನ ಮುಂದ ನೀವು ನೆಳ್ಳಾಗ ಕುಂಡ್ರಿ" ಎಂದರು. ಇದನ್ನು ಹೊಗಳಿಕೆಯೆನ್ನಲೋ ಬೈಗುಳವೆನ್ನಲೋ ಇನ್ನೂ ಬಗೆಹರಿದಿಲ್ಲ. ಮರುದಿನ ರಾಯಚೂರು ನಗರದ ತಂಡ ನಮ್ಮನ್ನು ಹಿಟ್ಟು ಮಾಡಿ ಕಳಿಸಿತು. ಆದರೂ ಹುಡುಗರು ದೇವದುರ್ಗ ಮುಟ್ಟುವವರೆಗೆ ಬಸ್ಸಿನಲ್ಲಿ ವಾದ ಮಾಡುತ್ತಾ, ಸರ್ ಅದು ಹೆಂಗ್ರಿ, ಇದು ಯಾಕ್ರಿ ಎಂದು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಈಗ ಬೆಳಿಗ್ಗೆ ನಾನು ಏಳುವ ಮೊದಲೇ ಮನೆಯ ಮುಂದೆ ಬಂದು ಕೂಗುತ್ತಾರೆ. ಕ್ರಿಕೆಟ್ ಪಿಚ್ಚಿನ ಮಾತು ಸದ್ಯಕ್ಕೆ ನಿಂತಿದೆ. ನನ್ನ ನೆಮ್ಮದಿಯೂ ನಿಂತಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ತಾವು ವಾರಕ್ಕೊಮ್ಮೆಯಾದರೂ ಯಾರಿಗಾದರೂ ಬೈಯುವುದನ್ನು ರೂಢಿ ಮಾಡಿಕೊಳ್ಳಬೇಕು. ಬಾರದಿದ್ದರೆ ಕುರ್ಡಿಗೆ ಬಂದು ಕಲಿಸಿಕೊಡಲು ನಾನು ಸಿದ್ಧ, ನನ್ನಲ್ಲಿ ಬೈಗುಳಗಳು ಬಳಕೆಯಿಲ್ಲದೆ ಹುಳ ಹಿಡಿಯುತ್ತಿವೆ. 'ತಿಳಿಸಿ ಹೇಳು' ಎಂಬ ಮಾತನ್ನು ಎರಡೂ ತಾಲೂಕುಗಳ ಸರಹದ್ದಿನಲ್ಲಿ ನುಡಿಯುವುದಿಲ್ಲವೆಂದು ತಾವು ಮಾತು ಕೊಡಬೇಕು. ಗಬ್ಬೂರಿನಲ್ಲಿ ನಮ್ಮ ಹುಡುಗರ ತಲೆಯೊಳಗೆ ತಾವು ಬಿಟ್ಟ ಯಾಕೆಗಳನ್ನೆಲ್ಲ ಒಂದೂ ಉಳಿಯದಂತೆ ಬುಟ್ಟಿಯಲ್ಲಿ ಆರಿಸಿಕೊಂಡು ಹೋಗಬೇಕು. ಇವು ಯಾವುವೂ ಆಗದಿದ್ದರೆ, ತಾವು ದೇವದುರ್ಗಕ್ಕೇ ವರ್ಗ ಮಾಡಿಸಿಕೊಂಡು ಬಂದು ಇಲ್ಲಿನ ಮೈದಾನದಲ್ಲೂ ಇರುವ ಬೇವಿನ ಗಿಡದ ಕೆಳಗೆ ನನ್ನ ಕಣ್ಣೆದುರಿಗೇ ಕುಳಿತುಕೊಳ್ಳಬೇಕು, ಆಗಲಾದರೂ ತಮ್ಮ ಮೇಲೆ ಒಂದು ನಿಗಾ ಇರುತ್ತದೆ.

ತಮ್ಮ ಕೈಯಲ್ಲಿ ಕೆಟ್ಟು ಹೋದ, ಆದರೂ ತಮ್ಮ ವಿಶ್ವಾಸಿ,
ಹನುಮಂತ್ರಾಯ, ಡ್ರಿಲ್ ಮಾಸ್ತರ

ತಾ.ಕ.: ಕಬಡ್ಡಿ ತಂಡ ನಡೆಸುವವರಿಗೆ ಕಬಡ್ಡಿಯ ನಿಯಮ ಗೊತ್ತಿಲ್ಲದಿರುವುದು ಇಡೀ ಜಿಲ್ಲೆಗೆ ಅವಮಾನವಾದ್ದರಿಂದ, ಈ ಪತ್ರದ ಜೊತೆಗೆ ನಿಯಮಗಳ ಪುಸ್ತಕವೊಂದನ್ನು ತಮಗೆ ಕಳಿಸಬೇಕೆಂದಿದ್ದೆ. ಕಳಿಸುತ್ತಿಲ್ಲ. ತಾವು ಅದನ್ನು ಓದಿ ಎಲ್ಲವನ್ನೂ ತಿಳಿದುಕೊಂಡುಬಿಟ್ಟರೆ ಬರುವ ವರ್ಷ ನಾನು ಯಾರಿಗೆ ಹೇಳಲಿ?